ಕರೆತರುವುದು ಒಂದು ದಿನದ ಕೆಲಸ, ಬೆಳೆಸುವುದು?

ದಿಕ್ಕಿಲ್ಲದ ಮಕ್ಕಳ ಸೇವೆ ಅಂದ ಕೂಡಲೇ ನಮ್ಮ ಕ್ರೈಸ್ತ ಸಭೆಗಳಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನ ಜಾರ್ಜ್ ಮುಲ್ಲರ್ ಹೆಸರು ಬರುತ್ತದೆ. ಆಮೇಲೆ ತಮಿಳುನಾಡಿನ ದೋನಾವೂರಿನ ಏಮಿ ಕಾರ್ಮೈಕಲ್. ಇಬ್ಬರೂ ದೊಡ್ಡವರು, ಅದರಲ್ಲಿ ಎರಡು ಮಾತಿಲ್ಲ. ಆದರೆ ನಮ್ಮದೇ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ 1858ರಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿ ಹೆಸರು ಕನ್ನಡ ಕ್ರೈಸ್ತರ ಬಾಯಲ್ಲಿ ಯಾಕೆ ಇಷ್ಟು ಕಮ್ಮಿ? ನನಗೆ ಇದು ನಿಜಕ್ಕೂ ಬೇಸರ.

ಅಪ್ಪ ಅನಂತಶಾಸ್ತ್ರಿ ಡೋಂಗ್ರೆ. ಹೆಂಡತಿಗೆ ಸಂಸ್ಕೃತ ಕಲಿಸಿ ಸಮಾಜದ ಸಿಟ್ಟು ಕಟ್ಟಿಕೊಂಡವರು. ರಮಾಬಾಯಿ ಆರು ತಿಂಗಳ ಕೂಸಾಗಿದ್ದಾಗಲೇ ಕುಟುಂಬ ಘಟ್ಟ ಇಳಿಯಿತು, ಮುಂದೆ ಬದುಕೆಲ್ಲ ತೀರ್ಥಕ್ಷೇತ್ರಗಳ ದಾರಿಯಲ್ಲೇ, ಪುರಾಣ ಓದಿ ಸಿಕ್ಕಿದ್ದರಲ್ಲಿ ಹೊಟ್ಟೆ ಹೊರೆಯುವುದು. 1870ರ ದಶಕದ ಬರದಲ್ಲಿ ಅದೂ ನಿಂತಿತು. ಪಾತ್ರೆ, ಒಡವೆ ಎಲ್ಲ ಮಾರಿ ಆಯ್ತು. ಕಾಡಿನಲ್ಲಿ 11 ದಿನ ನೀರು, ಎಲೆ, ಒಂದು ಹಿಡಿ ಕಾಡು ಖರ್ಜೂರ ತಿಂದು ಜೀವ ಹಿಡಿದೆವು ಅಂತ ಅವರೇ ಆಮೇಲೆ ಹೇಳಿಕೊಂಡಿದ್ದಾರೆ. ಅಪ್ಪ ಹೋದರು, ಅಮ್ಮ ಹೋದರು, ಅಕ್ಕನೂ ಹೋದಳು. ಉಳಿದವರು ರಮಾಬಾಯಿ ಮತ್ತು ಅಣ್ಣ ಶ್ರೀನಿವಾಸ, ಇಬ್ಬರೇ, ಬರಿಗಾಲಲ್ಲಿ ದೇಶ ಸುತ್ತುತ್ತಾ 1878ರಲ್ಲಿ ಕಲ್ಕತ್ತಾ ಸೇರಿದರು. ಅಲ್ಲಿನ ವಿದ್ವಾಂಸರು ಆಕೆಗೆ ‘ಪಂಡಿತಾ’, ‘ಸರಸ್ವತಿ’ ಅಂತ ಬಿರುದು ಕೊಟ್ಟರು. ಎರಡು ವರ್ಷದಲ್ಲಿ ಆ ಅಣ್ಣನೂ ತೀರಿಕೊಂಡ. ಮದುವೆಯಾದ ಗಂಡ 1882ರಲ್ಲಿ ಕಾಲರಾಕ್ಕೆ ತುತ್ತಾದರು. ಕೈಯಲ್ಲಿ ಪುಟ್ಟ ಮಗಳು ಮನೋರಮಾ.

ಮರುವರ್ಷ ಇಂಗ್ಲೆಂಡಿನಲ್ಲಿ ರಮಾಬಾಯಿ ದೀಕ್ಷಾಸ್ನಾನ ಪಡೆದು ಕ್ರೈಸ್ತರಾದರು. 1889ರಲ್ಲಿ ಮುಂಬೈಯಲ್ಲಿ ವಿಧವೆಯರಿಗಾಗಿ ಶಾರದಾ ಸದನ, ಆಮೇಲೆ ಅದು ಪುಣೆಗೆ ಬಂತು.

1896-97ರಲ್ಲಿ ಮತ್ತೆ ಬರ ಬಿತ್ತು, ಈ ಸಲ ಮಧ್ಯ ಪ್ರಾಂತ್ಯದಲ್ಲಿ, ಅಂದರೆ ಈಗಿನ ಮಧ್ಯಪ್ರದೇಶದ ಕಡೆ. ಸುದ್ದಿ ಕೇಳಿ ರಮಾಬಾಯಿ ಹೊರಟೇಬಿಟ್ಟರು. ಪುಣೆಯಲ್ಲಿ ಕೂತು ಹಣ ಕಳಿಸಬಹುದಿತ್ತು ಅಲ್ವಾ? ಆದರೆ ಹಸಿದ ಹುಡುಗಿಯ ಮುಖ ಹೇಗಿರುತ್ತದೆ, ಒಂಟಿಯಾಗಿ ಸಿಕ್ಕ ಹುಡುಗಿಯನ್ನು ಎಂಥವರು ಎತ್ತಿಕೊಂಡು ಹೋಗುತ್ತಾರೆ ಅನ್ನುವುದನ್ನು ಆಕೆಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ನೂರಾರು ಹುಡುಗಿಯರನ್ನು ಕರೆತಂದರು. ಪುಣೆಯಲ್ಲಿ ಪ್ಲೇಗ್ ಇದ್ದದ್ದರಿಂದ ಅವರನ್ನೆಲ್ಲ ಊರೊಳಗೆ ಇಟ್ಟುಕೊಳ್ಳಲು ಆಗಲಿಲ್ಲ. ಪುಣೆ ಹತ್ತಿರದ ಕೇಡಗಾಂವ್‌ನಲ್ಲಿ ಮೊದಲೇ ಕೊಂಡಿದ್ದ ಜಮೀನಿಗೆ ಕರೆದುಕೊಂಡು ಹೋದರು. ಅದೇ ಮುಕ್ತಿ ಮಿಷನ್. 1900ರ ಗುಜರಾತ್ ಬರದ ಹೊತ್ತಿಗೆ ಅಲ್ಲಿದ್ದವರ ಸಂಖ್ಯೆ ಸಾವಿರ ದಾಟಿತ್ತು.

ಇಲ್ಲಿಯವರೆಗಿನ ಕಥೆಯನ್ನು ಎಲ್ಲರೂ ಹೇಳುತ್ತಾರೆ. ನನ್ನನ್ನು ಹಿಡಿದು ನಿಲ್ಲಿಸುವುದು ಆಮೇಲಿನದು. ಸಾವಿರ ಹುಡುಗಿಯರು ಅಂದರೆ ದಿನಾ ಸಾವಿರ ತಟ್ಟೆ. ಬರದಲ್ಲಿ ಸೊರಗಿದ ಮೈಯ ಹುಣ್ಣು ತೊಳೆಯಬೇಕು, ತಲೆಯ ಹೇನು ತೆಗೆಯಬೇಕು, ರಾತ್ರಿ ಬೆಚ್ಚಿ ಎದ್ದವಳ ಪಕ್ಕ ಕೂರಬೇಕು. ಬಾವಿ ತೋಡಿಸಬೇಕು. ಜೊತೆಗೆ ಓದು ಬರಹ. ಮಗ್ಗ, ಹೊಲಿಗೆ, ಹೈನು, ಬೇಸಾಯ, ಎಣ್ಣೆಗಾಣ, ಅಚ್ಚುಕೂಟ, ಎಲ್ಲವನ್ನೂ ಹುಡುಗಿಯರು ಕಲಿತರು. ಕಣ್ಣು ಕಾಣದವರಿಗೆ ಮನೋರಮಾ ಬ್ರೈಲ್ ಕಲಿಸಿದರು. ರಮಾಬಾಯಿ ಹೀಬ್ರೂ, ಗ್ರೀಕ್ ಕಲಿತು ಮರಾಠಿಗೆ ತಂದ ಬೈಬಲ್ಲಿಗೆ ಅಚ್ಚಿನ ಮೊಳೆ ಜೋಡಿಸಿದ್ದು ಇದೇ ಹೆಣ್ಣುಮಕ್ಕಳು. ಎಲ್ಲರೂ ಬೇಡ ಅಂದ ಹುಡುಗಿಯ ಕೈಯಲ್ಲಿ ಒಂದು ಕಸುಬು! ಇನ್ನೊಬ್ಬರ ಮುಂದೆ ಕೈ ಚಾಚದೆ ಬದುಕುವ ದಾರಿ.

ನಾವೂ ಒಂದು ಮಗುವನ್ನು ದತ್ತು ತೆಗೆದುಕೊಂಡವರು. ‘ಎಂಥ ಪುಣ್ಯದ ಕೆಲಸ ಮಾಡಿದಿರಿ’ ಅಂತ ಜನ ಹೇಳಿದಾಗ ನನಗೆ ಕಸಿವಿಸಿ. ಅವಳ ಜ್ವರ, ಅವಳ ಹಟ, ಪರೀಕ್ಷೆ ಹಿಂದಿನ ರಾತ್ರಿಯ ಅಳು, ‘ನನ್ನನ್ನು ಹೆತ್ತವಳು ಯಾಕೆ ಬಿಟ್ಟಳು’ ಅನ್ನುವ ಪ್ರಶ್ನೆ, ಇವುಗಳ ನಡುವೆ ಪುಣ್ಯ ಲೆಕ್ಕ ಹಾಕುವವರು ಯಾರು? ಅವಳು ನಮ್ಮ ಮಗಳು, ಅಷ್ಟೇ. ದೇವರು ನಮ್ಮನ್ನು ದತ್ತುಮಕ್ಕಳಾಗಿ ಸೇರಿಸಿಕೊಂಡಿದ್ದಾನೆ ಅಂತ ಬೈಬಲ್ಲಿನಲ್ಲಿ ಪೌಲನು ರೋಮಾಪುರದವರಿಗೆ ಬರೆಯುತ್ತಾನೆ. ಮೊದಲು ಸುಮ್ನೆ ಓದಿಕೊಂಡು ಹೋಗುತ್ತಿದ್ದ ಮಾತು ಅದು. ಈಗ ನನ್ನ ಬೆಳಗಿನ ಪ್ರಾರ್ಥನೆಯೇ ಅದರಿಂದ ಶುರು.

ಒಂದು ಕಷ್ಟದ ಮಾತನ್ನೂ ಹೇಳಲೇಬೇಕು. ಶಾರದಾ ಸದನದಲ್ಲಿ ಮತಾಂತರ ನಡೆಯುತ್ತಿದೆ ಅನ್ನುವ ಗಲಾಟೆಯಲ್ಲಿ 1893ರಲ್ಲಿ ಸಮಾಜ ಸುಧಾರಕರಾದ ರಾನಡೆ, ಭಂಡಾರ್ಕರ್ ಅಂಥ ಹಿತೈಷಿಗಳೇ ಸಲಹಾ ಮಂಡಳಿಯಿಂದ ಹೊರಬಂದರು. ಹಲವು ಮನೆಯವರು ತಮ್ಮ ಹುಡುಗಿಯರನ್ನು ಕರೆದುಕೊಂಡು ಹೋದರು. ಆ ವಾದ ಇವತ್ತಿಗೂ ಮುಗಿದಿಲ್ಲ. ನನ್ನ ಮಟ್ಟಿಗೆ ವಿಷಯ ನೇರ: ಹಸಿದ ಮಗುವಿಗೆ ಕೊಡುವ ಅನ್ನಕ್ಕೆ ನಂಬಿಕೆಯ ಬೆಲೆ ಕಟ್ಟಬಾರದು. ಯೇಸು ಐದು ಸಾವಿರ ಜನರನ್ನು ಕೂರಿಸಿ ಊಟ ಹಾಕಿದಾಗ ಯಾರನ್ನೂ ಏನೂ ಕೇಳಲಿಲ್ಲ. ನನ್ನ ವಿಶ್ವಾಸವನ್ನು ನಾನು ಬಚ್ಚಿಡುವುದೂ ಇಲ್ಲ, ಮಗುವಿನ ತಲೆಯ ಮೇಲೆ ಅದನ್ನು ಸಾಲದ ಹಾಗೆ ಹೊರಿಸುವುದೂ ಇಲ್ಲ.

ಇನ್ನೊಂದು. ಈಗ ಯಾರೂ ರಮಾಬಾಯಿಯ ಹಾಗೆ ಹೋಗಿ ಮಕ್ಕಳನ್ನು ನೇರ ಮನೆಗೆ ಕರೆತರುವಂತಿಲ್ಲ. ಒಳ್ಳೆಯ ಮನಸ್ಸಿನಿಂದಲೂ ಕೂಡದು. ಮಕ್ಕಳ ಕಳ್ಳಸಾಗಣೆ ತಡೆಯಲು ಇದು ಬೇಕೇ ಬೇಕು. ಒಂಟಿ ಮಗು ಸಿಕ್ಕರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ, ಇಲ್ಲವೇ ಪೊಲೀಸರಿಗೆ, ಮಕ್ಕಳ ಕಲ್ಯಾಣ ಸಮಿತಿಗೆ ತಿಳಿಸಿ, 24 ಗಂಟೆಯೊಳಗೆ. ದತ್ತು ಬೇಕಾದವರು ಕೇಂದ್ರ ಸರ್ಕಾರದ ದತ್ತು ಪ್ರಾಧಿಕಾರ ‘ಕಾರಾ’ (CARA) ಮೂಲಕವೇ ಹೋಗಿ. ಕಾಯುವುದು ಜಾಸ್ತಿ, ನಿಜ. ಆದರೂ ‘ಪರಿಚಯದ ನರ್ಸ್ ಇದ್ದಾರೆ, ಬೇಗ ಆಗುತ್ತೆ’ ಅನ್ನುವವರ ಮಾತು ಖಂಡಿತ ಕೇಳಬೇಡಿ.

ರಮಾಬಾಯಿ ನಮ್ಮ ನಾಡಿಗೆ ಇನ್ನೊಂದು ರೀತಿಯಲ್ಲೂ ಮರಳಿದರು. ಗುಲ್ಬರ್ಗಾದಲ್ಲಿ, ಅಂದರೆ ಈಗಿನ ಕಲಬುರಗಿಯಲ್ಲಿ, ಅವರು ಒಂದು ಶಾಲೆ ತೆರೆದರು. ಮನೋರಮಾ ಅದರ ಮುಖ್ಯಸ್ಥೆಯಾಗಿದ್ದರು. 1921ರಲ್ಲಿ ಮಗಳು, 1922ರ ಏಪ್ರಿಲ್‌ನಲ್ಲಿ ತಾಯಿ ತೀರಿಕೊಂಡರು. ಆ ಶಾಲೆಯ ಬಗ್ಗೆ ಕಲಬುರಗಿ ಕಡೆಯವರ ಮನೆಗಳಲ್ಲಿ ಅಜ್ಜಿ, ಮುತ್ತಜ್ಜಿ ಹೇಳಿದ ಮಾತು, ಹಳೆಯ ಫೋಟೋ ಏನಾದರೂ ಇದ್ದರೆ ದಯವಿಟ್ಟು ನನಗೆ ತಿಳಿಸಿ. ನಮ್ಮ ಸಂಡೇ ಸ್ಕೂಲ್ ಮಕ್ಕಳಿಗೆ ಈ ವರ್ಷ ಮುಲ್ಲರ್ ಜೊತೆಗೆ ರಮಾಬಾಯಿಯ ಪಾಠವನ್ನೂ ಬರೆಯುತ್ತಿದ್ದೇನೆ, ಅದರಲ್ಲಿ ಸೇರಿಸುತ್ತೇನೆ.