ಒಂಬತ್ತು ಕಂಪನ, ಐದು ಸ್ವರ

ಅನುರಣನವೆಂದರೆ ಎಂಜಿನಿಯರಿಂಗ್ ಪಾಠಗಳಲ್ಲಿ ಹೆಚ್ಚಾಗಿ ಅನಾಹುತದ ಕಥೆಯೇ ಆಗಿರುತ್ತದೆ. 1831ರಲ್ಲಿ ಇಂಗ್ಲೆಂಡಿನ ಬ್ರಾಟನ್ ತೂಗುಸೇತುವೆ ಸೈನಿಕರ ಕವಾಯತಿನ ಹೆಜ್ಜೆಗೆ ಕುಸಿದದ್ದು, 2000ದ ಜೂನ್ 10ರಂದು ತೆರೆದ ಲಂಡನ್ನಿನ ಮಿಲೆನಿಯಂ ಸೇತುವೆ ಜನ ನಡೆದಾಡಿದಷ್ಟಕ್ಕೇ ಅಡ್ಡಡ್ಡ ತೂಗಾಡತೊಡಗಿ ಎರಡು ದಿನಗಳಲ್ಲೇ ಮುಚ್ಚಿಹೋದದ್ದು, ಇಂಥವನ್ನೇ ಪುಸ್ತಕಗಳು ಮತ್ತೆ ಮತ್ತೆ ಹೇಳುತ್ತವೆ. ಪ್ರತಿಯೊಂದು ವಸ್ತುವಿಗೂ ಅದರದೇ ಆದ ಸಹಜ ಆವರ್ತನಗಳಿವೆ, ಹೊರಗಿನ ಬಲವೂ ಅದೇ ಲಯದಲ್ಲಿ ಬಂದರೆ ಕಂಪನ ಬೆಳೆಯುತ್ತ ಹೋಗುತ್ತದೆ, ಆದ್ದರಿಂದ ಎರಡನ್ನೂ ದೂರದೂರ ಇಡಬೇಕು ಎಂಬುದು ಆ ಕಥೆಗಳ ತಾತ್ಪರ್ಯ. ಯಂತ್ರಗಳ ಕಂಪನವನ್ನು ಅಳೆಯುವುದೇ ನನ್ನ ಉದ್ಯೋಗವಾದ್ದರಿಂದ ಈ ಎಚ್ಚರಿಕೆಯ ಬಗ್ಗೆ ನನಗೆ ತಕರಾರಿಲ್ಲ. ಆದರೆ ಸಹಜ ಆವರ್ತನಗಳನ್ನು ಎಲ್ಲಿ ಬೇಕೋ ಅಲ್ಲಿಗೇ ತಂದು ಕೂರಿಸಿದ ಕುಶಲತೆಗೆ ಉದಾಹರಣೆ ಕೊಡಿ ಎಂದರೆ ನಾನು ಯಾವ ಸೇತುವೆಯನ್ನೂ ಹೆಸರಿಸುವುದಿಲ್ಲ. ಮೃದಂಗದ ಬಲ ಮುಚ್ಚಿಗೆಯ, ಅಂದರೆ ಬಲಬದಿಯ ಚರ್ಮದ ಹೊದಿಕೆಯ, ನಡುವೆ ಇರುವ ಕಪ್ಪು ಲೇಪದ ಬಿಲ್ಲೆಯನ್ನು, ಕರಣೆಯನ್ನು, ತೋರಿಸುತ್ತೇನೆ.

ಬಿಗಿದ ತಂತಿ ಸ್ವಭಾವತಃ ಸಂಗೀತಕ್ಕೆ ಒಗ್ಗುವ ವಸ್ತು. ಅದರ ಸಹಜ ಆವರ್ತನಗಳು ಒಂದು, ಎರಡು, ಮೂರು, ನಾಲ್ಕು ಎಂಬ ಪೂರ್ಣಾಂಕಗಳ ಅನುಪಾತದಲ್ಲಿರುವುದರಿಂದ ಕಿವಿಗೆ ಅವೆಲ್ಲ ಸೇರಿ ಒಂದೇ ಸ್ವರವಾಗಿ ಕೇಳಿಸುತ್ತವೆ. ಬಿಗಿದ ಚರ್ಮ ಹಾಗಲ್ಲ. ಎಲ್ಲೆಡೆ ಒಂದೇ ದಪ್ಪವಿರುವ ದುಂಡನೆಯ ಪೊರೆಯ ಮೊದಲ ಒಂಬತ್ತು ಆವರ್ತನಗಳು 1, 1.59, 2.14, 2.30, 2.65, 2.92, 3.16, 3.50, 3.60 ಎಂಬ ಅನುಪಾತದಲ್ಲಿ ಬರುತ್ತವೆ. ಇವುಗಳಲ್ಲಿ ಒಂದಕ್ಕೊಂದು ನಂಟಿಲ್ಲ. ಡೊಳ್ಳಿಗೆ, ತಮಟೆಗೆ ಕರಣೆಯಿಲ್ಲ. ಅವುಗಳ ಸದ್ದಿನಲ್ಲಿ ಎದೆ ನಡುಗಿಸುವ ಶಕ್ತಿಯಿದೆಯೇ ಹೊರತು ತಂಬೂರಿಯ ಜೊತೆ ಕೂಡಿಸಬಹುದಾದ ಸ್ವರವಿಲ್ಲ, ಅವುಗಳ ಕೆಲಸಕ್ಕೆ ಅದು ಬೇಕಾಗಿಯೂ ಇಲ್ಲ. ಮೃದಂಗ, ತಬಲಾ, ಯಕ್ಷಗಾನದ ಮದ್ದಳೆಗಳು ಮಾತ್ರ ಶ್ರುತಿಗೆ ಸೇರುತ್ತವೆ.

ಇದು ಹೇಗೆ ಸಾಧ್ಯ ಎಂಬ ಪ್ರಶ್ನೆಯನ್ನು ವಿಜ್ಞಾನದ ಭಾಷೆಯಲ್ಲಿ ಎತ್ತಿದವರು ಸಿ. ವಿ. ರಾಮನ್. 1920ರಲ್ಲಿ, ಅವರು ಕಲ್ಕತ್ತೆಯಲ್ಲಿದ್ದಾಗ, ಶಿವಕಾಳಿ ಕುಮಾರ್ ಅವರೊಡನೆ ನೇಚರ್ ಪತ್ರಿಕೆಗೆ ಒಂದು ಪುಟ್ಟ ಟಿಪ್ಪಣಿ ಬರೆದಿದ್ದರು. ಮುಂದೆ ಬೆಂಗಳೂರಿಗೆ ಬಂದು, 1934ರಲ್ಲಿ ಇಲ್ಲಿ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್ ಸ್ಥಾಪಿಸಿದಾಗ, ಅದರ ಪ್ರೊಸೀಡಿಂಗ್ಸ್‌ನ ಮೊದಲ ಸಂಪುಟದಲ್ಲೇ ಭಾರತೀಯ ಚರ್ಮವಾದ್ಯಗಳ ಮೇಲೆ ವಿಸ್ತಾರವಾದ ಪ್ರಬಂಧವನ್ನು ಪ್ರಕಟಿಸಿದರು. ಮುಚ್ಚಿಗೆಯ ಮೇಲೆ ನಯವಾದ ಮರಳು ಉದುರಿಸಿ, ಬೆರಳಿನಿಂದ ಅಲ್ಲಲ್ಲಿ ಮುಟ್ಟಿ ನುಡಿಸಿದಾಗ, ಕಂಪಿಸದೆ ನಿಂತ ರೇಖೆಗಳ ಮೇಲೆ ಮರಳು ಸಾಲುಗಟ್ಟುತ್ತದೆ. ಆ ಚಿತ್ರಗಳಿಂದಲೇ ಅವರು ಒಂದೊಂದು ಕಂಪನದ ಬಗೆಯನ್ನೂ ಗುರುತಿಸಿದರು. ಅವರು ಕಂಡುಕೊಂಡದ್ದು ಇಷ್ಟು: ಮೇಲೆ ಹೇಳಿದ ಒಂಬತ್ತು ಕಂಪನಗಳು ಕರಣೆಯಿರುವ ಮುಚ್ಚಿಗೆಯಲ್ಲಿ ಒಂದರ ಮೇಲೊಂದು ಬಂದು ಕೂತು ಐದೇ ಆವರ್ತನಗಳಾಗುತ್ತವೆ. ಮೊದಲಿನದು ಒಂದು, ಎರಡನೆಯದು ಅದರ ಎರಡು ಪಟ್ಟು, ಆಮೇಲಿನ ಎರಡು ಸೇರಿ ಮೂರು ಪಟ್ಟು, ಮತ್ತೆರಡು ಸೇರಿ ನಾಲ್ಕು ಪಟ್ಟು, ಉಳಿದ ಮೂರು ಸೇರಿ ಐದು ಪಟ್ಟು. ಅಂದರೆ ಚರ್ಮವು ತಂತಿಯಂತೆ ನಡೆದುಕೊಳ್ಳುತ್ತದೆ.

ಇದರ ಒಳಗುಟ್ಟು ತೂಕ ಇರುವ ಜಾಗದಲ್ಲಿದೆ. ಬಿಗಿತ ಹೆಚ್ಚಿದರೆ ಆವರ್ತನ ಏರುತ್ತದೆ, ತೂಕ ಹೆಚ್ಚಿದರೆ ಇಳಿಯುತ್ತದೆ. ಆದರೆ ತೂಕವು ಎಲ್ಲಿ ಕೂತಿದೆಯೋ ಆ ಜಾಗ ಅಲುಗಾಡುವ ಕಂಪನಗಳನ್ನಷ್ಟೇ ಅದು ಇಳಿಸಬಲ್ಲದು. ಮೂಲ ಕಂಪನದಲ್ಲಿ, ಅಂದರೆ ಆ ಒಂಬತ್ತರಲ್ಲಿ ಮೊದಲನೆಯದರಲ್ಲಿ, ಚರ್ಮದ ನಡುಭಾಗವೇ ಎಲ್ಲಕ್ಕಿಂತ ಹೆಚ್ಚು ಏರಿಳಿಯುವುದರಿಂದ ಕರಣೆಯ ಭಾರ ಪೂರ್ತಿಯಾಗಿ ಅದರ ಮೇಲೆ ಬೀಳುತ್ತದೆ. ವ್ಯಾಸದುದ್ದಕ್ಕೂ ನಿಸ್ಪಂದ (ಕಂಪಿಸದೆ ನಿಂತ) ರೇಖೆಗಳಿರುವ ಕಂಪನಗಳಲ್ಲಿ ನಟ್ಟನಡುವಿನ ಬಿಂದು ನಿಶ್ಚಲವಾಗಿರುತ್ತದೆ. ಅಂಥ ರೇಖೆಗಳು ನಾಲ್ಕಾದಾಗ ಚಲನೆಯೆಲ್ಲ ಅಂಚಿಗೆ ಸರಿದು, ಕರಣೆ ಇದ್ದರೂ ಇಲ್ಲದಂತೆಯೇ. ಒಂದು ಒರಟು ಲೆಕ್ಕ ಹಾಕಿ ನೋಡೋಣ. ಬರಿಯ ಪೊರೆಯಲ್ಲಿ 3.16 ಇರುವ ಆ ಕಂಪನ ಹೆಚ್ಚುಕಡಿಮೆ ಅಲ್ಲೇ ಉಳಿದು ಮೂಲದ ಐದು ಪಟ್ಟು ಆಗಬೇಕಾದರೆ, ಮೂಲವೇ 1ರಿಂದ ಸುಮಾರು 0.63ಕ್ಕೆ ಇಳಿಯಬೇಕು. ಆಗ 1.59 ಇದ್ದದ್ದು 1.26ಕ್ಕೂ, 2.14 ಇದ್ದದ್ದು 1.89ಕ್ಕೂ ಇಳಿದರೆ ಸರಿಹೋಗುತ್ತದೆ. ಇಳಿತದ ಪಾಲು ಹಂತಹಂತವಾಗಿ ಕಡಿಮೆಯಾಗುತ್ತ ಹೋಗುವುದನ್ನು ಗಮನಿಸಿ. ಕರಣೆ ನಡುವೆ ದಪ್ಪವಾಗಿ ಅಂಚಿಗೆ ತೆಳುವಾಗುವುದು ಬರಿಯ ಅಂದಕ್ಕಲ್ಲ.

ತೂಕ ಸೇರಿಸುವಾಗ ಬಿಗಿತವೂ ಸೇರಿಬಿಡುವುದು ನಮ್ಮ ಕಸುಬಿನಲ್ಲಿ ದಿನನಿತ್ಯದ ಗೋಳು. ಒಂದು ತಗಡಿಗೆ ಇನ್ನೊಂದನ್ನು ಬೆಸೆದರೆ ಭಾರದ ಜೊತೆ ಗಡುಸೂ ಬರುತ್ತದೆ, ಲೆಕ್ಕ ತಲೆಕೆಳಗಾಗುತ್ತದೆ. ಮೃದಂಗ ಕಟ್ಟುವವರು ಇದಕ್ಕೆ ಕಂಡುಕೊಂಡ ಉಪಾಯ ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾದದ್ದು. ಕಬ್ಬಿಣದ ಅಂಶವಿರುವ ಕಲ್ಲಿನ ಪುಡಿಯನ್ನು ಅನ್ನದೊಡನೆ ಅರೆದು, ತೆಳುವಾದ ಪದರಗಳಾಗಿ ಹಚ್ಚಿ, ಪ್ರತಿ ಪದರವನ್ನೂ ನುಣುಪಾದ ಕಲ್ಲಿನಿಂದ ತಿಕ್ಕಿ ಒಣಗಿಸುತ್ತಾರೆ. ತಿಕ್ಕುತ್ತ ಹೋದಂತೆ ಕರಣೆಯಲ್ಲಿ ಸೂಕ್ಷ್ಮವಾದ ಬಿರುಕುಗಳ ಬಲೆ ಮೂಡುತ್ತದೆ. ಆ ಬಿರುಕುಗಳು ದೋಷವಲ್ಲ. ಇಡೀ ಬಿಲ್ಲೆ ಸಣ್ಣ ಸಣ್ಣ ಕಣಗಳಾಗಿ ಒಡೆದಿರುವುದರಿಂದ ಚರ್ಮ ಬಾಗಿದಂತೆ ಅದೂ ಬಾಗುತ್ತದೆ; ಭಾರ ಮಾತ್ರ ಉಳಿದು ಗಡುಸು ಉಳಿಯುವುದಿಲ್ಲ.

ಇವನ್ನೆಲ್ಲ ಮನೆಯಲ್ಲೇ ಪರೀಕ್ಷಿಸಬಹುದು. ಮೃದಂಗವನ್ನು ನೆಟ್ಟಗೆ ನಿಲ್ಲಿಸಿ, ಬಲ ಮುಚ್ಚಿಗೆಯ ಮೇಲೆ ಚಿರೋಟಿ ರವೆಯನ್ನು ತೆಳುವಾಗಿ ಉದುರಿಸಿದೆ. ಉಂಗುರದ ಬೆರಳನ್ನು ಕರಣೆಯ ಅಂಚಿನಲ್ಲಿ ಹಗುರವಾಗಿ ಇರಿಸಿ, ತೋರುಬೆರಳಿನಿಂದ ಮೀಟಿನ (ಅಂಚಿನ ಸುತ್ತಲಿರುವ ಚರ್ಮದ ಪಟ್ಟಿಯ) ಮೇಲೆ ‘ನಂ’ ಎಂದು ಮತ್ತೆ ಮತ್ತೆ ನುಡಿಸಿದಾಗ, ರವೆ ಮೆಲ್ಲಗೆ ಸರಿಯುತ್ತ ಬೆರಳಿನ ಮೂಲಕ ಹಾಯುವ ಒಂದು ವ್ಯಾಸದತ್ತ ಸೇರಿಕೊಂಡಿತು. ಆ ಉಂಗುರದ ಬೆರಳು ಮೂಲ ಕಂಪನವನ್ನು ಅಡಗಿಸಿ, ಒಂದೇ ನಿಸ್ಪಂದ ವ್ಯಾಸವಿರುವ ಎರಡನೆಯ ಕಂಪನಕ್ಕೆ ದಾರಿ ಬಿಡುತ್ತದೆ. ನಾವು ಮೃದಂಗದ ಶ್ರುತಿ ಎಂದು ಕೇಳುವ ಷಡ್ಜ ಇದೇ. ಪಾಠದ ಮೊದಲ ದಿನಗಳಲ್ಲೇ ಗುರುಗಳು ತಿದ್ದುವ ಬೆರಳಿನ ಇರುವಿಕೆಗೆ ಇಷ್ಟು ಖಚಿತವಾದ ಕಾರಣವಿದೆ.

ಈ ಎರಡನೆಯ ಕಂಪನದಲ್ಲಿ ಇನ್ನೊಂದು ಸೂಕ್ಷ್ಮವಿದೆ. ನಿಸ್ಪಂದ ವ್ಯಾಸ ಯಾವ ದಿಕ್ಕಿಗಾದರೂ ಇರಬಹುದು. ಬಿಗಿತ ಸುತ್ತಲೂ ಒಂದೇ ಸಮ ಇದ್ದರೆ ಎಲ್ಲ ದಿಕ್ಕಿನಲ್ಲೂ ಆವರ್ತನ ಒಂದೇ. ಒಂದು ಕಡೆ ಬಾರು ಸಡಿಲವಾಗಿದ್ದರೆ, ಪರಸ್ಪರ ಅಡ್ಡಲಾದ ಎರಡು ದಿಕ್ಕುಗಳ ಆವರ್ತನಗಳು ಕೂದಲೆಳೆಯಷ್ಟು ಬೇರೆಯಾಗಿ, ‘ನಂ’ ನೇರವಾಗಿ ನಿಲ್ಲದೆ ಅಲೆಅಲೆಯಾಗಿ ಕೇಳಿಸುತ್ತದೆ. ಕಛೇರಿಗೆ ಮುಂಚೆ ಮೃದಂಗದವರು ಕಲ್ಲು ಹಿಡಿದು, ಅಂಚಿನ ಹೆಣಿಗೆಯ 16 ಜಾಗಗಳಲ್ಲೂ ಒಂದೊಂದೇ ಪೆಟ್ಟು ಕೊಡುತ್ತ, ನುಡಿಸಿ ಕೇಳುತ್ತ ಸುತ್ತು ಬರುವುದು ಈ ಅಲೆಯನ್ನು ತೆಗೆಯುವುದಕ್ಕೇ. ಪ್ರಯೋಗಾಲಯದಲ್ಲಿ ಇದೇ ಕೆಲಸಕ್ಕೆ ನಾವು ಸಂವೇದಕಗಳನ್ನು ಅಂಟಿಸಿ, ಸುತ್ತಿಗೆಯಿಂದ ತಟ್ಟಿ, ಗಣಕದ ಪರದೆಯ ಮೇಲೆ ಎರಡು ಶಿಖರಗಳು ಒಂದಾಗುವವರೆಗೆ ಕಾಯುತ್ತೇವೆ; ವೇಗದಲ್ಲಿ ಅವರಿಗೆ ನಾವು ಸಾಟಿಯಲ್ಲ.

ಎಡ ಮುಚ್ಚಿಗೆಗೆ ಕಾಯಂ ಕರಣೆ ಇಲ್ಲ. ನುಡಿಸುವ ಮುನ್ನ ನೀರಿನಲ್ಲಿ ಕಲಸಿದ ರವೆಯನ್ನು ನಡುವೆ ಮೆತ್ತಿ, ಮುಗಿದ ಮೇಲೆ ಕೆರೆದು ತೆಗೆಯುತ್ತಾರೆ. ಚಿಟಿಕೆಯಷ್ಟು ಹೆಚ್ಚಿಸಿದರೂ ಸ್ವರ ಕೆಳಗಿಳಿಯುವುದು ಆಗಲೇ ಕೇಳುತ್ತದೆ. ಬಲಗಡೆ ಇಂಥ ಅವಕಾಶವಿಲ್ಲ. ವರ್ಷಗಳ ಬಳಕೆಯಲ್ಲಿ ಕರಣೆ ಕಣಕಣವಾಗಿ ಉದುರುತ್ತದೆ, ಮೊದಲು ನಡುವಿನ ಮೂಲ ಕಂಪನ ಮೇಲೇರುತ್ತದೆ, ಉಪಸ್ವರಗಳ ಅನುಪಾತ ಕೆಡುತ್ತದೆ. ಆಗ ಕಲ್ಲಿನಿಂದ ಎಷ್ಟು ಪೆಟ್ಟು ಕೊಟ್ಟರೂ ಪ್ರಯೋಜನವಿಲ್ಲ, ಏಕೆಂದರೆ ಕೆಟ್ಟಿರುವುದು ಬಿಗಿತವಲ್ಲ, ತೂಕ. ಹೊಸ ಕರಣೆ ಹಾಕಿಸಲು ಕಟ್ಟುವವರಲ್ಲಿಗೇ ಹೋಗಬೇಕು.