ಕುರುಚಲು ಗುಡ್ಡದ ಹಣ್ಣು ಮತ್ತು ಕುಡಿ

ಕಾಡಿನ ತಿನಿಸು ಎಂದೊಡನೆ ಹಲಸು, ಮುರುಗಲು, ಕಾಡುಮಾವಿನಂತಹ ಎತ್ತರದ ಮರಗಳೇ ಮೊದಲು ನೆನಪಾಗುತ್ತವೆ. ಕರಾವಳಿಯ ಮುರಕಲ್ಲಿನ (ಕೆಂಪು ಜಂಬಿಟ್ಟಿಗೆಯ) ಗುಡ್ಡ, ಪದವುಗಳ (ಗುಡ್ಡದ ಮೇಲಿನ ಬಯಲುಗಳ) ಬದಿಯಲ್ಲಿ ಬೆಳೆದ ನನ್ನಂತಹವರಿಗೆ ಮಾತ್ರ ಕಾಡುಹಣ್ಣುಗಳಲ್ಲಿ ಹೆಚ್ಚಿನವು ಸಿಕ್ಕಿದ್ದು ಕರಂಡೆ, ಕೇಪಳ, ನೆಕ್ಕರೆ, ಚೂರಿಮುಳ್ಳು ಮೊದಲಾದ ಪೊದೆಗಳಲ್ಲಿ. ಇದು ಕಾಕತಾಳೀಯವಲ್ಲ. ದಟ್ಟ ಕಾಡಿನ ನೆಲಕ್ಕೆ ಬಿಸಿಲು ಇಳಿಯುವುದು ಅಪರೂಪ. ಅಲ್ಲಿನ ಫಸಲು ಬಹುಪಾಲು ಮರದ ನೆತ್ತಿಯಲ್ಲೇ ಉಳಿದು ಮಂಗಗಳಿಗೂ ಮಂಗಟ್ಟೆ ಹಕ್ಕಿಗಳಿಗೂ ಸಲ್ಲುತ್ತದೆ. ಬಿಸಿಲು ಧಾರಾಳವಾಗಿ ಬೀಳುವ ಗುಡ್ಡದಲ್ಲಾದರೆ ಗಿಡ ಬುಡದಿಂದಲೇ ಕವಲೊಡೆದು, ಎಳೆಯ ಮಕ್ಕಳ ಕೈಗೂ ಎಟುಕುವಂತೆ ಹೂ ಕಾಯಿ ಬಿಡುತ್ತದೆ.

ಸರಕಾರಿ ದಾಖಲೆಗಳಲ್ಲಿ ಇಂತಹ ನೆಲಕ್ಕೆ ಮರ್ಯಾದೆ ಕಡಿಮೆ. ದೇಶದ ಅರಣ್ಯ ಸಮೀಕ್ಷೆಯ ಲೆಕ್ಕಾಚಾರದಲ್ಲಿ ಮರಗಳ ನೆರಳು ನೆಲದ ಶೇ. 10ಕ್ಕಿಂತ ಕಡಿಮೆ ಇರುವ ಅರಣ್ಯಭೂಮಿಯನ್ನು ‘ಕುರುಚಲು’ ಎಂದು ಬೇರೆಯಾಗಿಟ್ಟು, ಅರಣ್ಯ ಹೊದಿಕೆಯ ಮೊತ್ತದಿಂದ ಹೊರಗಿಡಲಾಗುತ್ತದೆ. ಪಾಳುಭೂಮಿಯ ನಕ್ಷೆಗಳಲ್ಲಂತೂ ಕುರುಚಲು ನೆಲಕ್ಕೆಂದೇ ಪ್ರತ್ಯೇಕ ವರ್ಗಗಳಿವೆ. ಮರದ ನೆರಳನ್ನಷ್ಟೇ ಅಳೆಯುವ ಈ ಮಾನದಂಡಕ್ಕೆ ಒಂದು ಗುಡ್ಡ ಎಷ್ಟು ಮನೆಗಳಿಗೆ ಉಪ್ಪಿನಕಾಯಿ, ತಂಬುಳಿ ಒದಗಿಸುತ್ತದೆ ಎಂಬುದು ಕಾಣಿಸದಿರುವುದು ಸಹಜ. ಆದರೆ ಆ ನೆಲವನ್ನು ಪಾಳು ಎಂದು ಕರೆಯುವುದನ್ನು ನಾನು ಒಪ್ಪಲಾರೆ.

ಈ ಗಿಡಗಳಲ್ಲಿ ಕರಂಡೆಯದೇ ಮೇಲುಗೈ ಎಂಬುದು ನನ್ನ ಅಭಿಪ್ರಾಯ. ಮಲೆನಾಡಿನವರು ಕವಳಿ ಎನ್ನುವ ಈ ನಿತ್ಯಹಸಿರು ಪೊದೆಯ ಮುಳ್ಳು ಗಟ್ಟಿಯಾದದ್ದು, ಹಲವೆಡೆ ತುದಿಯಲ್ಲಿ ಇಬ್ಬಗೆಯಾಗಿ ಕವಲೊಡೆದದ್ದು. ಹೂವು ಬಿಳಿ, ಮಲ್ಲಿಗೆಯನ್ನು ಹೋಲುವ ಪರಿಮಳದ್ದು. ಬೇಸಿಗೆಯಲ್ಲಿ ಎಳೆಗಾಯಿ ಸಿಗುತ್ತದೆ. ಮಳೆಗಾಲ ಹತ್ತಿರವಾದಂತೆ ಅದು ಕೆಂಪಾಗಿ, ಆಮೇಲೆ ಕಪ್ಪಾಗಿ ಹಣ್ಣಾಗುತ್ತದೆ. ಎಳೆಗಾಯಿಯ ತೊಟ್ಟಿನಿಂದ ಒಸರುವ ಹಾಲಿನಂತಹ ಸೊನೆ ಕೈಗೂ ತುಟಿಗೂ ಅಂಟುವುದರಿಂದ, ಉಪ್ಪಿನಕಾಯಿಗೆ ಹಾಕುವವರು ಕಾಯನ್ನು ತೊಳೆದು ಉಪ್ಪುನೀರಿನಲ್ಲಿ ನೆನೆಹಾಕುತ್ತಾರೆ. ಕಾಯಿಯಲ್ಲಿ ಪೆಕ್ಟಿನ್ ಹೇರಳವಾಗಿರುವುದರಿಂದ ಸಕ್ಕರೆ ಹಾಕಿ ಕುದಿಸಿದರೆ ರಸ ತಾನಾಗಿ ಹೆಪ್ಪುಗಟ್ಟಿ ಜೆಲ್ಲಿಯಾಗುತ್ತದೆ. ಬೇಕರಿಯ ಕೇಕುಗಳ ಮೇಲೆ ಕೂರಿಸುವ ಕೆಂಪು ‘ಚೆರ್ರಿ’ ಎಷ್ಟೋ ಸಲ ಬೀಜ ತೆಗೆದು, ಬಣ್ಣ ಹಾಕಿ, ಸಕ್ಕರೆ ಪಾಕದಲ್ಲಿ ಮುಳುಗಿಸಿದ ಕರಂಡೆಯೇ ಆಗಿರುತ್ತದೆ. ಗುಡ್ಡದಲ್ಲಿ ಬಿಟ್ಟಿಯಾಗಿ ಸಿಗುವುದನ್ನು ಕಡೆಗಣಿಸಿ, ಅದನ್ನೇ ಪರದೇಶದ ಹೆಸರಿನಲ್ಲಿ ಹಣ ಕೊಟ್ಟು ತಿನ್ನುವವರನ್ನು ಕಂಡಾಗ ನಗು ಬರುತ್ತದೆ.

ಹಣ್ಣಿಗಿಂತಲೂ ಹೆಚ್ಚು ದಿನ ಒದಗುವುದು ಕುಡಿ, ಅಂದರೆ ಎಳೆಯ ಚಿಗುರು. ನೆಕ್ಕರೆ, ಕೇಪಳ, ಕುಂಟುನೇರಳೆ, ಸೀಗೆ, ಇವುಗಳ ಕುಡಿಯನ್ನು ತುಪ್ಪದಲ್ಲಿ ಜೀರಿಗೆ, ಕಾಳುಮೆಣಸಿನೊಡನೆ ಬಾಡಿಸಿ, ತೆಂಗಿನತುರಿಯೊಡನೆ ನುಣ್ಣಗೆ ರುಬ್ಬಿ, ಮಜ್ಜಿಗೆ ಬೆರೆಸಿದರೆ ತಂಬುಳಿ ಸಿದ್ಧ. ಹೊಟ್ಟೆ ಕೆಟ್ಟಾಗ ಹಿರಿಯರು ನೆಕ್ಕರೆ ಕುಡಿಯನ್ನೇ ಹುಡುಕಿ ತರುತ್ತಿದ್ದುದು ಅದರ ಒಗರಿನ ಮೇಲಿನ ನಂಬಿಕೆಯಿಂದ. ನೆಕ್ಕರೆ ಮುರಕಲ್ಲಿನ ಆಮ್ಲೀಯ ಮಣ್ಣಿನಲ್ಲಿ ಸೊಂಪಾಗಿ ಬೆಳೆಯುವ ಗಿಡ. ಬೇರೆ ಬೆಳೆಗಳ ಬೇರನ್ನು ಸೊರಗಿಸುವ ಅಲ್ಯೂಮಿನಿಯಮ್ಮನ್ನು ಅದು ಹೀರಿಕೊಂಡು ತನ್ನ ಎಲೆಯಲ್ಲೇ ಸಂಗ್ರಹಿಸಿಟ್ಟುಕೊಳ್ಳುತ್ತದೆ. ಇದನ್ನು ತಿಳಿದ ಮೇಲೆ, ತಂಬುಳಿಗೆ ಒಂದು ಹಿಡಿ ಕುಡಿಯಷ್ಟೇ ಸಾಕೆಂಬ ಹಳೆಯ ಅಳತೆ ನನಗೆ ಇನ್ನಷ್ಟು ಹಿಡಿಸಿತು.

ಅಳತೆಯ ಮಾತನ್ನು ಲಘುವಾಗಿ ಹೇಳುತ್ತಿಲ್ಲ. ನಮ್ಮ ಹಿತ್ತಿಲುಗಳಲ್ಲಿ ಬೆಳೆಯುವ ಚಕ್ರಮುನಿಯೂ ಒಂದು ಪೊದೆಯೇ. ಬೇಯಿಸಿ ಪಲ್ಯ, ಸಾರು ಮಾಡಿ ತಿನ್ನುವ ಸೊಪ್ಪು. 1990ರ ದಶಕದ ಮಧ್ಯಭಾಗದಲ್ಲಿ ತೈವಾನಿನಲ್ಲಿ ತೂಕ ಇಳಿಸುವ ಆಸೆಯಿಂದ ಅದರ ಹಸಿರಸವನ್ನು ವಾರಗಟ್ಟಲೆ ಕುಡಿದ ಅನೇಕರಿಗೆ ಶ್ವಾಸಕೋಶದ ಸೂಕ್ಷ್ಮನಾಳಗಳು ಮತ್ತೆ ಸರಿಹೋಗದಂತೆ ಹಾಳಾದವು. ತಿನ್ನಬಹುದಾದ ಗಿಡವನ್ನು ಎಷ್ಟು, ಹೇಗೆ ತಿನ್ನಬೇಕೆಂಬುದೂ ಆ ಗಿಡದ ಪರಿಚಯದ ಭಾಗ. ಅಂತೆಯೇ ಕರಂಡೆಯ ಕುಟುಂಬಕ್ಕೇ ಸೇರಿದ ಕಣಗಿಲೆ ಬುಡದಿಂದ ಹೂವಿನವರೆಗೆ ವಿಷ. ಬಯಲುಸೀಮೆಯ ಕಾರೆಯ ಹಳದಿ ಹಣ್ಣನ್ನು ದನ ಕಾಯುವ ಮಕ್ಕಳು ಬಿಡಿಸಿ ತಿನ್ನುತ್ತಾರೆ. ಅದೇ ಕುಟುಂಬದ ಇನ್ನೊಂದು ಮುಳ್ಳುಗಿಡದ ಕಾಯಿ, ಆಯುರ್ವೇದದ ಮದನಫಲ, ವಾಂತಿ ಮಾಡಿಸಲು ಬಳಸುವಂಥದ್ದು. ಎಲೆ, ಮುಳ್ಳು, ಹೂವು ಮೂರನ್ನೂ ಗುರುತಿಸಬಲ್ಲವರ ಜೊತೆಯಲ್ಲಿ ಹೋಗದೆ, ಫೋನಿನ ಚಿತ್ರವನ್ನು ನೆಚ್ಚಿ ಹಣ್ಣು ಕೊಯ್ಯಬಾರದು.

ಹಾಗೆ ಹೋಗಲು ಗುಡ್ಡವೇ ಉಳಿದಿಲ್ಲದ ಊರುಗಳೂ ಈಗ ಇವೆ. ದಕ್ಷಿಣ ಕನ್ನಡದಲ್ಲಿ ಕೃಷಿಕರ ‘ವರ್ಗ’ (ಸ್ವಂತ ಪಟ್ಟಾ) ಜಮೀನಿನ ಅಂಚಿನಿಂದ 100 ಗಜದೊಳಗಿನ ಸರಕಾರಿ ನೆಲವಾದ ಕುಮ್ಕಿಯಲ್ಲಿ ಸೊಪ್ಪು, ಸೌದೆ ಕೊಯ್ಯುವ ಸವಲತ್ತಿತ್ತು. ಕತ್ತಿಗೆ ಸಿಕ್ಕ ಪೊದೆಗಳು ಮತ್ತೆ ಮತ್ತೆ ಚಿಗುರಿ ಎಳೆಗುಡಿ ಕೊಡುತ್ತಿದ್ದುದೂ ಅಲ್ಲಿಯೇ. ಅಂತಹ ಎಷ್ಟೋ ಕುಮ್ಕಿ ಇಂದು ಅಡಿಕೆ, ರಬ್ಬರ್ ತೋಟವಾಗಿದೆ. ಉಳಿದ ಬೋಳುಗುಡ್ಡಗಳಲ್ಲಿ ‘ಹಸಿರೀಕರಣ’ದ ಹೆಸರಿನಲ್ಲಿ ಆಸ್ಟ್ರೇಲಿಯಾ ಮೂಲದ ಅಕೇಶಿಯಾವನ್ನು ಸಾಲುಸಾಲಾಗಿ ನೆಡಲಾಯಿತು, ಬೇಗನೆ ಕೊಳೆಯದ ಅದರ ತರಗೆಲೆಯ ದಪ್ಪ ಹಾಸಿನಡಿ ಕೇಪಳದ ಬೀಜ ಮೊಳೆತು ಮೇಲೇಳುವುದು ಕಷ್ಟ. ಕುರುಚಲು ಕಡಿದು ಮರ ನೆಟ್ಟಾಗ ಲೆಕ್ಕಪುಸ್ತಕದಲ್ಲಿ ಕಾಡು ಹೆಚ್ಚುತ್ತದೆ, ಗುಡ್ಡದಲ್ಲಿ ತಿನ್ನುವ ವಸ್ತು ಕಡಿಮೆಯಾಗುತ್ತದೆ.

ತೋಟದ ಅಂಚಿಗೆ ತಂತಿಬೇಲಿ ಹಾಕುವ ಯೋಚನೆಯಲ್ಲಿರುವವರು ಒಂದಿಷ್ಟು ದೂರಕ್ಕಾದರೂ ಕರಂಡೆ ನೆಡಬಹುದು. ಅದರ ಮುಳ್ಳು ದಾಟಿ ದನ ಒಳಬರುವುದಿಲ್ಲ. ಬೀಜವನ್ನು ಒಣಗಿಸಿ ಡಬ್ಬಿಯಲ್ಲಿಟ್ಟುಕೊಂಡರೆ ಮೊಳಕೆಯ ಶಕ್ತಿ ಬೇಗನೆ ಕುಂದುತ್ತದೆ. ಆದ್ದರಿಂದ ಚೆನ್ನಾಗಿ ಮಾಗಿದ ಹಣ್ಣು ತಿಂದ ಕೂಡಲೇ ಬೀಜ ತೊಳೆದು ತೊಟ್ಟೆಗಳಲ್ಲಿ (ಪ್ಲಾಸ್ಟಿಕ್ ಚೀಲಗಳಲ್ಲಿ) ಬಿತ್ತಿ, ಸಸಿಗಳನ್ನು ಮುಂದಿನ ಮಳೆಗಾಲದ ಆರಂಭದಲ್ಲಿ ನೆಲಕ್ಕೆ ಇಳಿಸುವುದು ಒಳ್ಳೆಯದು.