ಶ್ವಾಸಕೋಶದ ಕ್ಯಾನ್ಸರ್: ನೋವಿನ ಮದ್ದನ್ನು ಮೊದಲೇ ಕೇಳಿ

ಸೋಮವಾರಪೇಟೆಯ ನಮ್ಮ ದೊಡ್ಡಪ್ಪನಿಗೆ ಶ್ವಾಸಕೋಶದ ಕ್ಯಾನ್ಸರ್ ನಾಲ್ಕನೇ ಹಂತಕ್ಕೆ ಹೋಗಿದೆ ಅಂತ ಗೊತ್ತಾದಾಗ ಮನೆಯವರೆಲ್ಲ ಕೇಳಿದ್ದು ಕೀಮೋ ಬಗ್ಗೆ ಮಾತ್ರ. ಪ್ಯಾಲಿಯೇಟಿವ್ ಚಿಕಿತ್ಸೆ ಅಂದರೆ ಸಾಕು, "ಹಾಗಾದ್ರೆ ಇನ್ನೇನೂ ಮಾಡಲ್ವಾ?" ಅಂತ ದೊಡ್ಡಮ್ಮ ಅತ್ತುಬಿಡುತ್ತಿದ್ದರು.

ಹಾಗಲ್ಲ. ನೋವು, ಏದುಸಿರು, ನಿದ್ದೆಯಿಲ್ಲದ ರಾತ್ರಿ, ಇವನ್ನೆಲ್ಲ ನೋಡಿಕೊಳ್ಳುವ ಚಿಕಿತ್ಸೆ ಅದು. ಕೀಮೋ ನಡೆಯುತ್ತಿರುವಾಗಲೇ ಶುರು ಮಾಡಬಹುದು. ಮಾಡಲೇಬೇಕು ಅಂತೀನಿ ನಾನು. ಬಾಸ್ಟನ್‌ನಲ್ಲಿ ಇಂಥ 151 ರೋಗಿಗಳ ಮೇಲೆ ನಡೆದ ಅಧ್ಯಯನವೊಂದು 2010ರಲ್ಲಿ ಪ್ರಕಟವಾಯಿತು. ಮೊದಲಿನಿಂದಲೇ ಈ ಆರೈಕೆ ಸಿಕ್ಕವರಲ್ಲಿ ಖಿನ್ನತೆ ಕಡಿಮೆ ಇತ್ತು, ಅವರು ಬದುಕಿದ್ದೂ ಜಾಸ್ತಿ ದಿನ: ಆ ಗುಂಪಿಗೆ ಸುಮಾರು 11.6 ತಿಂಗಳು, ಮಾಮೂಲಿ ಚಿಕಿತ್ಸೆ ಸಿಕ್ಕ ಗುಂಪಿಗೆ 8.9.

ದೊಡ್ಡಪ್ಪನನ್ನು ಹೆಚ್ಚು ಹಣ್ಣು ಮಾಡಿದ್ದು ಏದುಸಿರು. ಶ್ವಾಸಕೋಶದ ಸುತ್ತ ನೀರು ತುಂಬಿದ್ದರೆ ಸೂಜಿ ಹಾಕಿ ತೆಗೆಯುತ್ತಾರೆ. ಮತ್ತೆ ಮತ್ತೆ ತುಂಬಿದರೆ ಸಣ್ಣ ಟ್ಯೂಬ್ ಇಟ್ಟು ಮನೆಯಲ್ಲೇ ತೆಗೆಯುವ ದಾರಿಯೂ ಇದೆ. ಮುಖಕ್ಕೆ ನೇರ ಗಾಳಿ ಬಿದ್ದರೆ ಉಸಿರಾಟ ಹಗುರ ಅನ್ನಿಸುತ್ತದೆ, ಇದು ಸುಮ್ನೆ ಸಮಾಧಾನದ ಮಾತಲ್ಲ. ನಮ್ಮ ಕಡೆ ಮಳೆಗಾಲದಲ್ಲಿ ಮರ ಬಿದ್ದು ಕರೆಂಟ್ ಹೋದರೆ ಯಾವಾಗ ಬರುತ್ತೋ ಗೊತ್ತಿಲ್ಲ, ಆಗ ಫ್ಯಾನೂ ಇಲ್ಲ, ಆಕ್ಸಿಜನ್ ಮೆಷಿನ್ನೂ ಇಲ್ಲ. ದೊಡ್ಡಮ್ಮ ಕಿಟಕಿ ತೆಗೆದು, ದಿಂಬು ಏರಿಸಿ ಕೂರಿಸಿ, ಬೀಸಣಿಗೆಯಲ್ಲಿ ಗಾಳಿ ಹಾಕುತ್ತಿದ್ದರು. ಮೆಷಿನ್ ಇರುವ ಮನೆಯಲ್ಲಿ ತುಂಬಿದ ಸಿಲಿಂಡರ್ ಒಂದು ಇರಲೇಬೇಕು.

ಮೂಳೆಗೆ ಹರಡಿ ನೋವಿದ್ದರೆ ರೇಡಿಯೇಶನ್ ಕೇಳಿ. ಎಷ್ಟೋ ಸಲ ಒಂದೇ ಸಿಟ್ಟಿಂಗ್ ಸಾಕಾಗುತ್ತದೆ, ಮೈಸೂರಿಗೆ ದಿನಾ ಓಡಾಡಬೇಕಿಲ್ಲ. ಗಡ್ಡೆಯ ಜೀನ್ ಪರೀಕ್ಷೆಯನ್ನೂ ಬಿಡಬೇಡಿ. ಇಜಿಎಫ್‌ಆರ್ ಅನ್ನೋ ಜೀನಿನಲ್ಲಿ ಬದಲಾವಣೆ ಇದ್ದರೆ ಕೀಮೋ ಬದಲು ಮಾತ್ರೆಯಲ್ಲೇ ರೋಗವನ್ನು ಸ್ವಲ್ಪ ಕಾಲ ಹಿಡಿದಿಡಬಹುದು.

ಇನ್ನು ಮಾರ್ಫಿನ್, ಅಂದರೆ ತೀವ್ರ ನೋವಿಗೆ ಕೊಡುವ ಬಲವಾದ ಮದ್ದು. ಚಟ ಹತ್ತುತ್ತೆ ಅಂತ ಎಲ್ಲರಿಗೂ ಭಯ. ಕ್ಯಾನ್ಸರ್ ನೋವಿಗೆ ಡಾಕ್ಟರ್ ಹೇಳಿದಷ್ಟೇ ಕೊಟ್ಟರೆ ಹಾಗಾಗೋದು ತೀರಾ ಅಪರೂಪ. ಸಣ್ಣ ಪ್ರಮಾಣದಲ್ಲಿ ಏದುಸಿರಿಗೂ ಕೊಡುತ್ತಾರೆ. ಮಲಬದ್ಧತೆ ಮಾತ್ರ ಬಂದೇ ಬರುತ್ತೆ ಅಂದ್ಕೊಳ್ಳಿ, ಅದರ ಮದ್ದನ್ನೂ ಜೊತೆಗೇ ಬರೆಸಿಕೊಳ್ಳಿ. 2014ರಲ್ಲಿ ಮಾದಕ ವಸ್ತುಗಳ ಕಾನೂನು ಸಡಿಲವಾದರೂ ಇದು ಎಲ್ಲ ಮೆಡಿಕಲ್ ಶಾಪಿನಲ್ಲಿ ಸಿಗಲ್ಲ. ಎಲ್ಲಿ ಸಿಗುತ್ತೆ ಅಂತ ಡಾಕ್ಟರ್ ಹತ್ತಿರವೇ ಕೇಳಿ, ಮುಗಿಯುವ ಮುಂಚೆ ತರಿಸಿಡಿ. ಮನೆಯಲ್ಲಿ ನೋಡಿಕೊಳ್ಳೋದು ಕೈ ಮೀರಿದರೆ ಇಂಥ ಕ್ಯಾನ್ಸರ್ ರೋಗಿಗಳನ್ನು ಇಟ್ಟುಕೊಂಡು ಆರೈಕೆ ಮಾಡುವ ಬೆಂಗಳೂರಿನ ಕರುಣಾಶ್ರಯ ಇದೆ, ಅಲ್ಲಿ ದುಡ್ಡು ತೆಗೆದುಕೊಳ್ಳಲ್ಲ.